ಟಿಕೆಟಿಗೆ ದುಡ್ಡು ಬಂತು, ಬಸ್ಸಿಲ್ಲದ ಊರಿಗೆ?

ಬೆಳಗಿನ ಆರೂವರೆ, ಏಳರ ಹೊತ್ತಿಗೆ ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ನಿಂತರೆ ವಸ್ತಿ ಗಾಡಿಗಳು ಒಂದೊಂದಾಗಿ ಒಳಗೆ ಬರುತ್ತಿರುತ್ತವೆ. ಹಿಂದಿನ ರಾತ್ರಿ ಕೊನೆಯ ಟ್ರಿಪ್ಪಿಗೆ ಹಳ್ಳಿಗೆ ಹೋಗಿ, ಅಲ್ಲೇ ತಂಗಿ, ನಸುಕಿನಲ್ಲಿ ಊರ ಮಂದಿಯನ್ನು ತುಂಬಿಕೊಂಡು ಶಹರಕ್ಕೆ ಬರುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ ಎನ್ನುತ್ತಾರೆ. ಅದರಿಂದ ಇಳಿಯುವವರನ್ನು ಹತ್ತು ನಿಮಿಷ ನೋಡಿದರೆ ಜಿಲ್ಲೆಯ ಅರ್ಧ ಸುದ್ದಿ ತಿಳಿಯುತ್ತದೆ. ಕಾಲೇಜಿನ ಹುಡುಗಿಯರು, ಜಿಮ್ಸ್ ಆಸ್ಪತ್ರೆಯ ಚೀಟಿ ಹಿಡಿದ ಅಜ್ಜಿ, ಹೈಕೋರ್ಟ್ ಪೀಠದ ತಾರೀಖಿಗೆ ಬಂದ ಕಾಕಾ, ಗಂಜಿನಲ್ಲಿ ತೊಗರಿ ದರ ವಿಚಾರಿಸಲು ಬಂದ ರೈತ, ಪಲ್ಯದ ಗಂಟು ಹೊತ್ತ ಹೆಣ್ಣುಮಕ್ಕಳು. 2023ರ ಜೂನ್ 11ರಿಂದೀಚೆಗೆ ಈ ಹೆಣ್ಣುಮಕ್ಕಳ ಕೈಯಲ್ಲಿರುವುದು ಶೂನ್ಯ ದರದ ಟಿಕೆಟ್. ಕಂಡಕ್ಟರು "ಯವ್ವಾ, ಆಧಾರ್ ಕಾರ್ಡ್ ತೋರ್ಸು" ಅಂದರೆ, "ದಿನಾ ನೋಡ್ತಿ, ನನ್ನ ಮಾರಿ ಗುರ್ತ್ ಸಿಗಂಗಿಲ್ಲೇನೋ ಯಪ್ಪಾ" ಎಂದು ಬೈದುಕೊಂಡೇ ಸೆರಗಿನ ಗಂಟು ಬಿಚ್ಚುವ ಮುದುಕಿಯರು ಪ್ರತಿ ಬಸ್ಸಿನಲ್ಲೂ ಸಿಗುತ್ತಾರೆ.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಈ ಶಕ್ತಿ ಯೋಜನೆಯ ಮೇಲಿನ ವಾದವೆಲ್ಲ ಎರಡು ಮಾತುಗಳ ಸುತ್ತ ಗಿರಕಿ ಹೊಡೆಯುತ್ತಿದೆ. ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಂದರು ಎನ್ನುವುದು ಒಂದು, ಸರ್ಕಾರಿ ಸಾರಿಗೆ ನಿಗಮಗಳು ಮುಳುಗಿದವು ಎನ್ನುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು, ಅದಕ್ಕೆ ಸಾಕ್ಷಿ ಬೇಡ. ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆದರೆ ಈ ಎರಡೂ ಮಾತುಗಳ ಹಿಂದೆ ಮೂರನೆಯ ಪ್ರಶ್ನೆಯೊಂದು ಅಡಗಿದೆ. ಆ ವಸ್ತಿ ಬಸ್ಸು ತಾನು ಸುಡುವ ಡೀಸೆಲ್ಲಿನಷ್ಟೂ ದುಡಿಯದ ದಿನ ಅದರ ಖರ್ಚು ಹೊರುವವರು ಯಾರು? ಈ ಸೀಮೆಯಲ್ಲಿ ಸರ್ಕಾರಿ ಬಸ್ಸು ಓಡತೊಡಗಿ ತೊಂಬತ್ತು ವರ್ಷ ದಾಟಿತು. ಬಸ್ಸಿನ ಯಜಮಾನ ಬದಲಾದ ಹಾಗೆಲ್ಲ ಈ ಪ್ರಶ್ನೆಯ ಉತ್ತರವೂ ಬದಲಾಗಿದೆ.

ಮೊದಲ ಯಜಮಾನ ರೈಲ್ವೆ. ಇದು ಬಹಳ ಜನರಿಗೆ ಗೊತ್ತಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿದ್ದದ್ದು 1874ರಲ್ಲಿ. ಅದನ್ನು ನಡೆಸುತ್ತಿದ್ದುದು ನಿಜಾಮ ಸರ್ಕಾರದ ಖಾತರಿಯ ಮೇಲೆ ನಿಂತ ಕಂಪನಿ. 1930ರ ಏಪ್ರಿಲ್ 1ಕ್ಕೆ ಸರ್ಕಾರವೇ ಕಂಪನಿಯನ್ನು ಕೊಂಡುಕೊಂಡಿತು, ನಿಜಾಮ್ಸ್ ಸ್ಟೇಟ್ ರೈಲ್ವೆ ಎಂದು ಹೆಸರಾಯಿತು. ಎರಡು ವರ್ಷದ ನಂತರ, 1932ರ ಜೂನ್ ತಿಂಗಳಲ್ಲಿ, ಆ ರೈಲ್ವೆಯೇ ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸು, 166 ನೌಕರರೊಂದಿಗೆ ರಸ್ತೆಗಿಳಿಯಿತು. ಸ್ಕಾಟ್ಲೆಂಡಿನ ಅಲ್ಬಿಯನ್ ಕಂಪನಿಯ ಬಸ್ಸುಗಳು ಸಮುದ್ರ ದಾಟಿ ಬಂದವು. ಭಾರತದಲ್ಲಿ ಸರ್ಕಾರವೇ ಪ್ರಯಾಣಿಕರ ಬಸ್ಸು ಓಡಿಸಿದ್ದು ಇದೇ ಮೊದಲು ಎಂದು ಸಾರಿಗೆಯ ಇತಿಹಾಸ ಬರೆದವರು ಹೇಳುತ್ತಾರೆ.

ರೈಲ್ವೆಗೆ ಬಸ್ಸಿನ ಉಸಾಬರಿ ಯಾಕೆ ಬೇಕಾಗಿತ್ತು? ಆ ಹೊತ್ತಿನಲ್ಲಿ ಬ್ರಿಟಿಷ್ ಭಾರತದಲ್ಲಿ ಖಾಸಗಿ ಮೋಟಾರುಗಳು ಹಳಿಗೆ ಹೊಂದಿಕೊಂಡಿದ್ದ ರಸ್ತೆಗಳಲ್ಲೇ ಓಡಿ ರೈಲಿನ ಗಿರಾಕಿಗಳನ್ನು ಕಸಿದುಕೊಳ್ಳುತ್ತಿದ್ದವು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಇದನ್ನೇ ಅಳೆದು ತೂಗಿ ವರದಿ ಕೊಟ್ಟರು, 1933ರಲ್ಲಿ ಸಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನವೂ ನಡೆಯಿತು. ಅಲ್ಲಿ ಅವರು ಚರ್ಚೆ ಮಾಡುತ್ತಿದ್ದಾಗ ಹೈದರಾಬಾದ್ ಸಂಸ್ಥಾನ ಸುಲಭದ ದಾರಿ ಹಿಡಿದಿತ್ತು. ಪೈಪೋಟಿ ಕೊಡುವವನ ಅಂಗಡಿಯನ್ನು ತಾನೇ ತೆರೆಯುವುದು. ಬಸ್ಸು ಹಳ್ಳಿಯ ಮಂದಿಯನ್ನು ಸ್ಟೇಷನ್ನಿಗೆ ತಂದು ಬಿಟ್ಟರೆ ಮುಂದಿನ ಪ್ರಯಾಣದ ಟಿಕೆಟ್ಟೂ ಅದೇ ಗಲ್ಲಾಪೆಟ್ಟಿಗೆಗೆ. ಒಂದು ರಸ್ತೆಯಲ್ಲಿ ಬಸ್ಸಿಗೆ ಲುಕ್ಸಾನಾದರೆ ರೈಲಿನ ಜೇಬಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ನಿಜಾಮನ ಆಡಳಿತದ ಬಗ್ಗೆ ನಮ್ಮ ಭಾಗದಲ್ಲಿ ಕಹಿ ನೆನಪುಗಳು ಬೇಕಾದಷ್ಟಿವೆ, ಅವು ಸುಮ್ಮನೆ ಹುಟ್ಟಿದವಲ್ಲ. ಬಸ್ಸಿನ ಈ ಲೆಕ್ಕಾಚಾರ ಮಾತ್ರ ಜಾಣತನದ್ದು ಎಂದು ಒಪ್ಪಲೇಬೇಕು.

ಅತ್ತ ಮೈಸೂರು ಸಂಸ್ಥಾನದ ಸರ್ಕಾರ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಂದಿಗೆ ಶುರು ಮಾಡಿದ್ದು 1948ರ ಸೆಪ್ಟೆಂಬರ್ 12ರಂದು. ಮರುದಿನ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು, 17ರ ಹೊತ್ತಿಗೆ ಕಾರ್ಯಾಚರಣೆ ಮುಗಿದಿತ್ತು. ಮುಂದೆ ಒಂದೇ ಮನೆ ಸೇರಲಿದ್ದ ಎರಡು ಬಸ್ ಇಲಾಖೆಗಳ ಪೈಕಿ ಒಂದಕ್ಕೆ ಹುಟ್ಟಿದ ವಾರ, ಇನ್ನೊಂದಕ್ಕೆ ಒಡೆಯನನ್ನು ಕಳೆದುಕೊಂಡ ವಾರ. 1951ರ ನವೆಂಬರ್ 1ಕ್ಕೆ ನಿಜಾಮರ ಬಸ್ಸುಗಳು ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದ್ ರಾಜ್ಯ ಸರ್ಕಾರದ ಇಲಾಖೆಯಾದವು. ರೈಲಿನ ಜೇಬಿಗೂ ಬಸ್ಸಿಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಐದು ವರ್ಷ ಕಳೆದು ಭಾಷಾವಾರು ವಿಂಗಡಣೆ ಬಂದಾಗ ಒಂದೇ ಇಲಾಖೆ ಮೂರು ಮನೆ ಪಾಲಾಯಿತು. ತೆಲಂಗಾಣದ ಜಿಲ್ಲೆಗಳು ಆಂಧ್ರಕ್ಕೆ, ಮರಾಠವಾಡ ಮುಂಬೈ ರಾಜ್ಯಕ್ಕೆ, ಗುಲ್ಬರ್ಗಾ, ಬೀದರ, ರಾಯಚೂರು ಮೈಸೂರಿಗೆ. ಹೈದರಾಬಾದಿನ ಸರ್ಕಾರಿ ಬಸ್ಸುಗಳ ನಂಬರಿನಲ್ಲಿ ಕಾಣುವ ಝಡ್ ಅಕ್ಷರ ನಿಜಾಮನ ತಾಯಿ ಜಹರಾ ಬೇಗಂ ನೆನಪಿನದು ಎಂಬ ಮಾತೊಂದು ಅಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನಮ್ಮ ಪಾಲಿಗೆ ಆ ಝಡ್ ಬರಲಿಲ್ಲ. ನಮ್ಮ ಬಸ್ಸಿನ ಮೇಲೆ ಕೆಎ 32 ಎಫ್, ಬೀದರದ್ದಾದರೆ ಕೆಎ 38 ಎಫ್.

ಅಕ್ಷರ ಬದಲಾಯಿತು, ರಸ್ತೆಗಳ ದಿಕ್ಕು ಬದಲಾಗಲಿಲ್ಲ. ಬೀದರಿನ ದೊಡ್ಡ ರಸ್ತೆಯೂ ಹಳಿಯೂ ಹೈದರಾಬಾದಿನತ್ತ ಮುಖ ಮಾಡಿದ್ದವು. ಕಲಬುರಗಿಗೆ ಸೊಲ್ಲಾಪುರ ನೂರು ಚಿಲ್ಲರೆ ಕಿಲೋಮೀಟರು, ಹೊಸ ರಾಜಧಾನಿ ಬೆಂಗಳೂರು ಆರುನೂರರ ಹತ್ತಿರ. ಕಲಬುರಗಿ–ಬೀದರ ನಡುವೆ ನೇರ ರೈಲು ಓಡಿದ್ದು 2017ರ ಅಕ್ಟೋಬರ್ 29ರಂದು. ಅಂದರೆ ಏಕೀಕರಣವಾಗಿ ಅರವತ್ತೊಂದು ವರ್ಷ, ಅಕ್ಕಪಕ್ಕದ ಎರಡು ಜಿಲ್ಲಾ ಕೇಂದ್ರಗಳನ್ನು ಜೋಡಿಸಿ ಇಟ್ಟದ್ದು ಹುಮನಾಬಾದ್ ಮೇಲಿಂದ ಹೋಗುವ ಕೆಂಪು ಬಸ್ಸೇ. ಕರ್ನಾಟಕ ಒಂದಾದದ್ದು ಕಾಗದದ ಮೇಲೆ 1956ರಲ್ಲಿ. ನಮ್ಮ ಭಾಗದ ಮಂದಿ ಆ ಒಂದಾಗುವಿಕೆಯನ್ನು ಬಸ್ಸಿನ ಸೀಟಿನ ಮೇಲೆ ಕೂತು, ಬಹಳ ಸಲ ನಿಂತು, ಕಂಡವರು.

ಇನ್ನೊಂದು ವ್ಯತ್ಯಾಸವನ್ನೂ ಇಲ್ಲೇ ಹೇಳಬೇಕು. ಮಂಗಳೂರು, ಉಡುಪಿ ಕಡೆಯವರು ಬೆಳೆದದ್ದು ಖಾಸಗಿ ಬಸ್ಸುಗಳ ನಡುವೆ. ಅಲ್ಲಿ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಹಾರ್ನ್ ಹೊಡೆಯುತ್ತ ಬರುತ್ತದೆ. ಕಲಬುರಗಿ, ಬೀದರ, ಯಾದಗಿರಿಯಲ್ಲಿ ಬಸ್ಸು ಎಂದರೆ ಮೊದಲಿನಿಂದಲೂ ಸರ್ಕಾರದ್ದು. ಬೆಂಗಳೂರು, ಪುಣೆ, ಮುಂಬೈಗೆ ರಾತ್ರಿ ಹೊರಡುವ ಖಾಸಗಿ ಸ್ಲೀಪರುಗಳ ಮಾತು ಬೇರೆ, ಅವು ಹಳ್ಳಿಗೆ ಹೋಗುವವಲ್ಲ. ಹೀಗಾಗಿ ಸರ್ಕಾರಿ ಬಸ್ಸು ಬಾರದ ಊರಿಗೆ ಗತಿ ಟಂಟಂ ಇಲ್ಲವೆ ಕ್ರೂಸರ್. ಎಂಟು ಜನರ ಜಾಗದಲ್ಲಿ ಹದಿನಾರು ಜನ, ಮೇಲೆ ಟಾಪಿನಲ್ಲಿ ಇನ್ನಷ್ಟು. ಇಲ್ಲಿ ಒಂದು ಟ್ರಿಪ್ ರದ್ದಾಗುವುದು ಅಲ್ಲಿ ರದ್ದಾದಂತಲ್ಲ.

1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮ ಬಂತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಅಡಿ ಹುಟ್ಟಿದ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮವೇ ರಾಜ್ಯದ ಹೆಸರು ಬದಲಾದ ಮೇಲೆ ಕೆಎಸ್‌ಆರ್‌ಟಿಸಿ ಆದದ್ದು. ಆ ಕಾಯ್ದೆಯ 22ನೆಯ ಕಲಮು ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ದರ ನಿಗದಿಯ ಕೊನೆಯ ಮಾತು ಮಾತ್ರ ಸರ್ಕಾರದ್ದು. ವ್ಯಾಪಾರ ನಿನ್ನದು, ಬೆಲೆ ಕಟ್ಟುವವ ನಾನು ಎಂದ ಹಾಗೆ. ಅಲ್ಲಿಂದ ಇಲ್ಲಿಯವರೆಗೆ ರಾಜ್ಯದ ಯಾವ ಸಾರಿಗೆ ನಿಗಮವೂ ಈ ಇಕ್ಕಟ್ಟಿನಿಂದ ಪಾರಾಗಿಲ್ಲ.

ಆದರೂ ದೊಡ್ಡ ನಿಗಮಕ್ಕೆ ಒಂದು ಅನುಕೂಲವಿತ್ತು. ಬೆಂಗಳೂರು–ಮೈಸೂರಿನಂಥ ತುಂಬಿ ಹರಿಯುವ ಮಾರ್ಗದ ಗಳಿಕೆ ಅಫಜಲಪುರದ ಒಂದು ಹಳ್ಳಿಯ ಬಸ್ಸಿನ ಲುಕ್ಸಾನನ್ನು ಹೊರಬಹುದಿತ್ತು. 1997ರಲ್ಲಿ ಬೆಂಗಳೂರು ನಗರ ಸಾರಿಗೆ ಬೇರೆಯಾಯಿತು, ಅದೇ ವರ್ಷ ಹುಬ್ಬಳ್ಳಿಯ ವಾಯವ್ಯ ನಿಗಮ, 2000ದ ಆಗಸ್ಟ್ 15ಕ್ಕೆ ಕಲಬುರಗಿಯಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ. ನಮ್ಮ ಭಾಗಕ್ಕೆ ಅದು ಹೆಮ್ಮೆಯ ಸಂಗತಿಯೇ. ಒಂದು ಬಸ್ಸಿನ ಅರ್ಜಿ, ಒಂದು ವರ್ಗಾವಣೆ, ಒಂದು ಟೆಂಡರು ಎಂದು ಬೆಂಗಳೂರಿಗೆ ಎಡತಾಕುವುದು ತಪ್ಪಿತು. ನಿರ್ಧಾರ ಹತ್ತಿರ ಬಂತು. ಜೊತೆಗೆ ಹಂಚಿಕೊಳ್ಳುವ ಗಂಟು ಚಿಕ್ಕದಾಯಿತು ಎನ್ನುವುದನ್ನು ಆಗ ಯಾರೂ ಜೋರಾಗಿ ಹೇಳಲಿಲ್ಲ. ದಕ್ಷಿಣದ ಲಾಭದ ಮಾರ್ಗಗಳು ದಕ್ಷಿಣದಲ್ಲೇ ಉಳಿದವು.

2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು, 2021ರಲ್ಲಿ ನಿಗಮವೂ ಅದೇ ಹೆಸರು ತೊಟ್ಟಿತು. ಬಸ್ಸಿನ ಬದಿಯ ಬಣ್ಣ ಒಣಗುವ ಮೊದಲೇ ಒಂದು ತಮಾಷೆ ಉಳಿದುಕೊಂಡಿತು. ವಿಜಯಪುರ ಈ ನಿಗಮದ ಒಂದು ವಿಭಾಗ. ಅದು ನಿಜಾಮರ ಸೀಮೆಯದಲ್ಲ, ಮುಂಬೈ ಪ್ರಾಂತ್ಯದಿಂದ ಬಂದದ್ದು. ಈ ಭಾಗಕ್ಕೆ ಸಂವಿಧಾನದ 371(ಜೆ) ಕಲಮು ಕೊಟ್ಟ ವಿಶೇಷ ಸೌಲಭ್ಯದ ಜಿಲ್ಲೆಗಳ ಪಟ್ಟಿಯಲ್ಲೂ ಅದಿಲ್ಲ. ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ, ಕಾಗದದ ಮೇಲೆ ಹೊರಗಿನವರು. ಇಂಡಿ, ಸಿಂದಗಿಯ ಗೆಳೆಯರು ಇದನ್ನು ಹೇಳಿಕೊಂಡು ನಗುತ್ತಾರೆ. ಕಲಬುರಗಿ ನಗರದೊಳಗೆ ಓಡುವ ಬಸ್ಸಿಗೆ ನೃಪತುಂಗನ ಹೆಸರು, ದೂರದ ಸ್ಲೀಪರಿಗೆ ಅಮೋಘವರ್ಷ, ಎಸಿ ಸ್ಲೀಪರಿಗೆ ಕಲ್ಯಾಣ ರಥ. ನೃಪತುಂಗನೂ ಅಮೋಘವರ್ಷನೂ ಒಬ್ಬನೇ. ಮಳಖೇಡದ ಅರಸು ಒಂದು ಹೆಸರಿನಲ್ಲಿ ಸೂಪರ್ ಮಾರ್ಕೆಟಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನೆ, ಇನ್ನೊಂದು ಹೆಸರಿನಲ್ಲಿ ದೂರದ ಊರಿಗೆ.

ಈಗ ಮುಳುಗಿದ ನಿಗಮಗಳ ಮಾತಿಗೆ ಬರೋಣ. 2025ರ ಜನವರಿಯಲ್ಲಿ ರಾಜ್ಯ ಸರ್ಕಾರ ನಾಲ್ಕು ನಿಗಮಗಳಿಗೆ ಒಟ್ಟು 2,000 ಕೋಟಿ ರೂಪಾಯಿ ಸಾಲ ಎತ್ತಲು ಒಪ್ಪಿಗೆ ಕೊಟ್ಟಿತು. ಭವಿಷ್ಯ ನಿಧಿಯ ಬಾಕಿ, ಇಂಧನದ ಬಾಕಿ ತೀರಿಸುವುದಕ್ಕೆ. ಹಂಚಿಕೆ ನೋಡಿ: ಹುಬ್ಬಳ್ಳಿಯ ವಾಯವ್ಯ ನಿಗಮಕ್ಕೆ 646 ಕೋಟಿ, ಕೆಎಸ್‌ಆರ್‌ಟಿಸಿಗೆ 623.80 ಕೋಟಿ, ಬಿಎಂಟಿಸಿಗೆ 589.20 ಕೋಟಿ. ಕಲಬುರಗಿಯ ನಿಗಮಕ್ಕೆ 141 ಕೋಟಿ. ರಾಜ್ಯದ ಅತ್ಯಂತ ಹಿಂದುಳಿದ ಜಿಲ್ಲೆಗಳಲ್ಲಿ ಬಸ್ಸು ಓಡಿಸುವವರ ಬಾಕಿಯೇ ಎಲ್ಲರಿಗಿಂತ ಕಡಿಮೆ.

ಈ ಅಂಕಿಯನ್ನು ಎರಡು ರೀತಿಯಲ್ಲಿ ಓದಬಹುದು. ನಾಲ್ಕರಲ್ಲಿ ಕಿರಿಯ ನಿಗಮ, ಕೈ ಹಿಡಿದು ಖರ್ಚು ಮಾಡುತ್ತದೆ, ಬಸ್ಸುಗಳು ತುಂಬಿ ಓಡುತ್ತವೆ ಎನ್ನುವುದು ಒಂದು ಓದು. ಯಾದಗಿರಿ, ಸುರಪುರ, ಶಹಾಪುರದಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಹಾಸಿಗೆ, ಪಾತ್ರೆ, ಕೂಸು ಸಮೇತದ ಪ್ರಯಾಣ ನೋಡಿದವರಿಗೆ ಬಸ್ಸು ಯಾಕೆ ತುಂಬುತ್ತದೆ ಎಂದು ವಿವರಿಸಬೇಕಿಲ್ಲ. ಇನ್ನೊಂದು ಓದು ಅಷ್ಟು ಹಿತವಾದದ್ದಲ್ಲ. ಉಣ್ಣುವುದನ್ನೇ ಕಡಿಮೆ ಮಾಡಿದ ಮನೆಯಲ್ಲಿ ಕಿರಾಣಿ ಅಂಗಡಿಯ ಬಾಕಿಯೂ ಕಡಿಮೆ ಇರುತ್ತದೆ. ಓಡಿಸದ ಬಸ್ಸಿಗೆ ಡೀಸೆಲ್ ಬೇಡ, ತುಂಬದ ಹುದ್ದೆಗೆ ಭವಿಷ್ಯ ನಿಧಿ ಕಟ್ಟಬೇಕಿಲ್ಲ. ನನಗೆ ಎರಡೂ ಓದಿನಲ್ಲಿ ಹುರುಳಿದೆ ಅನಿಸುತ್ತದೆ.

ದರದ ಕಥೆಯನ್ನು ಬೇಗ ಮುಗಿಸಬಹುದು. 2020ರ ಫೆಬ್ರವರಿಯಲ್ಲಿ ಶೇ. 12, ಆಮೇಲೆ 2025ರ ಜನವರಿ 5ಕ್ಕೆ ಶೇ. 15 ಏರಿಕೆ. ನಡುವಿನ ಐದು ವರ್ಷದಲ್ಲಿ ಕೊರೊನಾ ಬಂತು, ಡೀಸೆಲ್ ಏರಿತು. 2021ರ ಏಪ್ರಿಲಿನಲ್ಲಿ ಆರನೇ ವೇತನ ಆಯೋಗದ ಸಂಬಳ ಕೇಳಿ ನೌಕರರು ಎರಡು ವಾರ ಮುಷ್ಕರ ಮಾಡಿದರು. ಆಗ ಖಾಸಗಿ ವಾಹನಗಳಿಗೆ ಸರ್ಕಾರಿ ನಿಲ್ದಾಣದೊಳಗೇ ನಿಲ್ಲಲು ಬಿಟ್ಟಿದ್ದು ಹಲವರಿಗೆ ನೆನಪಿರಬಹುದು. ಹೆದ್ದಾರಿಯ ಊರುಗಳಿಗೆ ಅವು ಸಾಲುಗಟ್ಟಿದವು. ವಸ್ತಿ ಗಾಡಿಯ ಊರುಗಳಿಗೆ ಹೋಗಲು ಅವಕ್ಕೆ ಆಸೆ ಹುಟ್ಟುವಂಥದ್ದು ಏನಿತ್ತು?

ಡಿಪೋದ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಶಕ್ತಿಯ ಲೆಕ್ಕ ತಿಳಿಯುವುದಿಲ್ಲ. ಪ್ರತಿ ಬಸ್ಸಿಗೆ ದಿನದ ಒಂದು ಷೆಡ್ಯೂಲ್ ಇರುತ್ತದೆ. ಯಾವ ಊರು, ಎಷ್ಟು ಟ್ರಿಪ್, ಎಷ್ಟು ಕಿಲೋಮೀಟರ್. ಸಂಜೆ ಕಂಡಕ್ಟರು ಹಣ ಕಟ್ಟಿ ಟಿಕೆಟ್ ಮಷೀನು ಒಪ್ಪಿಸಿದಾಗ ಒಂದು ಕಿಲೋಮೀಟರಿಗೆ ಎಷ್ಟು ಗಳಿಕೆಯಾಯಿತು ಎನ್ನುವುದು ಹೊರಬೀಳುತ್ತದೆ. ಇಲಾಖೆಯ ಭಾಷೆಯಲ್ಲಿ ಅದು ಇಪಿಕೆಎಂ. ಎದುರಿಗೆ ನಿಲ್ಲುವುದು ಕಿಲೋಮೀಟರಿನ ಖರ್ಚು. ಡಿಪೋ ಮ್ಯಾನೇಜರರನ್ನು ಮೇಲಿನವರು ಕೇಳುವುದು ಈ ಎರಡರ ನಡುವಿನ ಅಂತರದ ಬಗ್ಗೆ. ಬಸ್ಸು ಕೆಟ್ಟು ನಿಂತ ದಿನ, ಡ್ರೈವರ್ ರಜೆ ಹಾಕಿದ ದಿನ, ಜಾತ್ರೆಗೆ ಗಾಡಿ ಕಳಿಸಬೇಕಾದ ದಿನ, ಗಾಣಗಾಪುರದ ಹುಣ್ಣಿಮೆ ಇರಲಿ, ಶರಣಬಸವೇಶ್ವರರ ತೇರು ಇರಲಿ, ಯಾವ ಷೆಡ್ಯೂಲಿಗೆ ಕತ್ತರಿ ಬೀಳುತ್ತದೆ? ಗಳಿಕೆ ಕಡಿಮೆ ಇರುವುದಕ್ಕೆ. ಮ್ಯಾನೇಜರ್ ಕೆಟ್ಟವರಾಗಿರಬೇಕಿಲ್ಲ, ಅವರ ಮುಂದಿರುವ ಕಾಗದವೇ ಹಾಗೆ ಹೇಳುತ್ತದೆ. ವಸ್ತಿ ಬಸ್ಸು ಈ ಪರೀಕ್ಷೆಯಲ್ಲಿ ಹುಟ್ಟಾ ದಡ್ಡ. ಬೆಳಿಗ್ಗೆ ತುಂಬಿ ಬರುತ್ತದೆ, ರಾತ್ರಿ ಎಂಟರ ಮೇಲೆ ಹೋಗುವಾಗ ಅರ್ಧ ಖಾಲಿ. ಇಬ್ಬರು ಸಿಬ್ಬಂದಿಯ ರಾತ್ರಿ ತಂಗುವ ಭತ್ಯೆ ಬೇರೆ. ಗುಡಿಯ ಕಟ್ಟೆಯ ಮೇಲೋ ಬಸ್ಸಿನ ಸೀಟಿನ ಮೇಲೋ ಸೊಳ್ಳೆ ಹೊಡೆದುಕೊಳ್ಳುತ್ತ ಮಲಗುವ ಡ್ಯೂಟಿಯನ್ನು ಬಯಸಿ ಪಡೆಯುವವರೂ ಕಡಿಮೆ.

ಶಕ್ತಿ ಈ ಕಾಗದದೊಳಗೆ ಬಂದು ಕೂತ ಬಗೆ ಕುತೂಹಲದ್ದು. ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳು ಹತ್ತಿದರೆ ಶೂನ್ಯ ಟಿಕೆಟ್ ಹರಿಯಬೇಕು. ಆ ಟಿಕೆಟ್ಟಿನ ಬೆಲೆ ಮಷೀನಿನಲ್ಲಿ ಉಳಿಯುತ್ತದೆ, ಸರ್ಕಾರ ನಿಗಮಕ್ಕೆ ಅದನ್ನು ತುಂಬಿಕೊಡಬೇಕು. ಬಜೆಟ್ಟಿನಲ್ಲಿ ಇದಕ್ಕಾಗಿ 2024–25ಕ್ಕೆ 5,015 ಕೋಟಿ, 2025–26ಕ್ಕೆ 5,300 ಕೋಟಿ ಇಟ್ಟರು. 2025ರ ಜುಲೈಯಲ್ಲಿ ಶೂನ್ಯ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿದ್ದನ್ನು ಸರ್ಕಾರ ಸಂಭ್ರಮಿಸಿತು. ಅಂದರೆ ಶಕ್ತಿ ನಿಗಮದ ಪಾಲಿಗೆ ಗಿರಾಕಿ. ಉದ್ರಿ ಹೇಳಿ ತಡವಾಗಿ ತೀರಿಸುವ ದೊಡ್ಡ ಗಿರಾಕಿ ಅನ್ನಿ ಬೇಕಾದರೆ, ಗಿರಾಕಿ ಹೌದು. ಮೊದಲು ದುಡ್ಡು ಉಳಿಸಲು ನಡೆದು ಹೋಗುತ್ತಿದ್ದ, ಇಲ್ಲವೆ ಹೋಗದೆಯೇ ಇರುತ್ತಿದ್ದ ಹೆಣ್ಣುಮಕ್ಕಳು ಹತ್ತಿದ್ದರಿಂದ ಹಳ್ಳಿ ಮಾರ್ಗಗಳ ಇಪಿಕೆಎಂ ಕಾಗದದ ಮೇಲಾದರೂ ಏರುತ್ತದೆ. ನಾಳೆ ಕತ್ತರಿಸಬೇಕಿದ್ದ ಷೆಡ್ಯೂಲ್ ಉಳಿಯಬಹುದು. ನಿಗಮ ಮುಳುಗಿತು ಎನ್ನುವವರು ಈ ಭಾಗವನ್ನು ನೋಡುತ್ತಿಲ್ಲ. ಸರ್ಕಾರ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ತಪ್ಪು ಕೊಡುವವರದ್ದು, ಹತ್ತಿದ ಅವ್ವನದ್ದಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಶಕ್ತಿಯ ದುಡ್ಡು ಟಿಕೆಟ್ಟಿನ ಹಿಂದೆ ಹೋಗುತ್ತದೆ, ಟಿಕೆಟ್ಟು ಬಸ್ಸಿನ ಹಿಂದೆ. ದಿನಕ್ಕೆ ಇಪ್ಪತ್ತು ಬಸ್ಸಿರುವ ಊರಿನ ಹೆಣ್ಣುಮಕ್ಕಳಿಗೆ ಇಪ್ಪತ್ತು ಬಸ್ಸಿನಷ್ಟು ಶಕ್ತಿ, ಎರಡು ಟ್ರಿಪ್ಪಿನ ಊರಿಗೆ ಎರಡು ಟ್ರಿಪ್ಪಿನಷ್ಟು. ಬಸ್ಸೇ ಇಲ್ಲದ ತಾಂಡಾದಲ್ಲಿ ಆ ಐದು ಸಾವಿರ ಕೋಟಿಯ ಒಂದು ಪೈಸೆಯೂ ಇಳಿಯುವುದಿಲ್ಲ. ಅಲ್ಲಿನ ಹೆಣ್ಣುಮಗಳು ಟಂಟಂನವನಿಗೆ ನೋಟು ಕೊಟ್ಟೇ ಬರಬೇಕು. ಯೋಜನೆಯ ಹೆಸರಿನಲ್ಲಿ ಎಲ್ಲ ಮಹಿಳೆಯರೂ ಇದ್ದಾರೆ, ಅದರ ಲೆಕ್ಕದ ಪುಸ್ತಕದಲ್ಲಿ ಇರುವುದು ಬಸ್ಸಿನ ದಾರಿಯಲ್ಲಿ ಮನೆ ಇರುವವರು ಮಾತ್ರ. ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ, ಔರಾದದ ಗಡಿ ಊರುಗಳಲ್ಲಿ ಈ ಮಾತು ಹೇಳಿದರೆ ಹೊಸ ವಿಷಯ ಎಂದು ಯಾರೂ ಕಿವಿ ನಿಮಿರಿಸುವುದಿಲ್ಲ.

ಗಡಿಯದ್ದು ಇನ್ನೊಂದು ಬಗೆ. 1956ರಲ್ಲಿ ಮೂರು ಪಾಲಾದ ಆ ಹಳೆಯ ಇಲಾಖೆಯ ಸೀಮೆಯಲ್ಲಿ ಇವತ್ತು ಮೂರು ರಿಯಾಯಿತಿಗಳು ಚಾಲ್ತಿಯಲ್ಲಿವೆ. ಮಹಾರಾಷ್ಟ್ರ 2023ರ ಮಾರ್ಚಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಮಾಡಿತು, ಜೂನಿನಲ್ಲಿ ನಮ್ಮ ಶಕ್ತಿ, ಡಿಸೆಂಬರ್ 9ಕ್ಕೆ ತೆಲಂಗಾಣದ ಉಚಿತ ಪ್ರಯಾಣದ ಮಹಾಲಕ್ಷ್ಮಿ. ಬೀದರ ಜಿಲ್ಲೆಯ ಹೆಣ್ಣುಮಗಳ ತವರು ತೆಲಂಗಾಣದ ಜಹೀರಾಬಾದಿನ ಕಡೆ, ಕೊಟ್ಟ ಮನೆ ಭಾಲ್ಕಿಯಲ್ಲಿ, ತಂಗಿ ಮಹಾರಾಷ್ಟ್ರದ ಉದಗೀರದಲ್ಲಿ ಇರುವುದು ಇಲ್ಲಿ ತೀರಾ ಸಾಮಾನ್ಯ. ಅವಳ ಬೀಗತನಕ್ಕೆ ರಾಜ್ಯಗಳ ಗಡಿ ಇಲ್ಲ, ಅವಳ ಉಚಿತ ಪ್ರಯಾಣಕ್ಕೆ ಇದೆ. ಅಂತರರಾಜ್ಯ ಬಸ್ಸಿಗೆ ಶಕ್ತಿ ಇಲ್ಲ. ಆ ಕಡೆ ತೆಲಂಗಾಣದ ಬಸ್ಸು ಹತ್ತಿದರೆ ಅಲ್ಲಿಯವಳೆಂದು ತೋರಿಸುವ ಗುರುತಿನ ಚೀಟಿ ಬೇಕು. ಗಡಿಯ ಜಿಲ್ಲೆಗಳಿಗಾದರೂ ಮೂರು ರಾಜ್ಯಗಳು ಕೂತು ಒಂದು ಒಪ್ಪಂದ ಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಪರವಾನಗಿ ಕೊಡು-ಕೊಳ್ಳುವ ಒಪ್ಪಂದಗಳು ಈಗಲೂ ಇವೆಯಲ್ಲ.

ಹಾಗಾದರೆ ದುಡ್ಡನ್ನು ಬೇರೆ ಹೇಗೆ ಕೊಡಬೇಕು? ಉತ್ತರಕ್ಕೆ ದೂರ ಹೋಗಬೇಕಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯಲ್ಲಿ ನೆರವು ಲೆಕ್ಕವಾಗುವುದು ಓಡಿದ ಕಿಲೋಮೀಟರಿಗೆ. ಬಸ್ಸಿನಲ್ಲಿ ಹತ್ತು ಜನ ಇರಲಿ, ನಲವತ್ತು ಜನ ಇರಲಿ, ಓಡಿದರೆ ಹಣ. ಆದರೆ ಆ ಯೋಜನೆ 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರಲ್ಲೇ 5 ಲಕ್ಷ ದಾಟಿದ್ದ ಕಲಬುರಗಿ ನಗರ ಆ ಅಳತೆಗೆ ಸಿಗುತ್ತದೆ, ಅಫಜಲಪುರದ ಹಳ್ಳಿ ಸಿಗುವುದಿಲ್ಲ. ನಗರಕ್ಕೂ ಬಸ್ಸು ಬೇಕು, ಬೇಡ ಎನ್ನುವವನು ನಾನಲ್ಲ. ಹುಮನಾಬಾದ್ ಬೇಸಿನಿಂದ ಜಗತ್ ಸರ್ಕಲ್ಲಿಗೆ ಷೇರ್ ಆಟೊದಲ್ಲಿ ಮೊಣಕಾಲು ಮಡಚಿ ಕೂತವರಿಗೆಲ್ಲ ಅದು ಗೊತ್ತು. ಆದರೆ ಆಟೊ ಸಿಗುವ ರಸ್ತೆಗೆ ಕಿಲೋಮೀಟರಿನ ಲೆಕ್ಕ, ಆಟೊ ಸಿಗದ ರಸ್ತೆಗೆ ಟಿಕೆಟ್ಟಿನ ಲೆಕ್ಕ ಎಂದರೆ ಎಲ್ಲೋ ತಿರುವು ಮುರುವಾಗಿದೆ.

ಶಕ್ತಿಯ ಹಣದಲ್ಲೇ ಒಂದು ಸಣ್ಣ ಪಾಲನ್ನು ಟ್ರಿಪ್ಪಿಗೆ ಕಟ್ಟಿ ಎಂದು ನಾನು ಹೇಳುತ್ತೇನೆ. ಪ್ರತಿ ಕಂದಾಯ ಗ್ರಾಮಕ್ಕೂ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಎಂದು ಗೆರೆ ಎಳೆದು, ಆ ಎರಡು ಟ್ರಿಪ್ಪಿನ ಗಳಿಕೆಗೂ ಖರ್ಚಿಗೂ ಇರುವ ಅಂತರವನ್ನು ಸರ್ಕಾರ ಕಿಲೋಮೀಟರಿನ ಲೆಕ್ಕದಲ್ಲಿ ತುಂಬಿಕೊಡಲಿ. ಆ ಷೆಡ್ಯೂಲುಗಳನ್ನು ಇಪಿಕೆಎಂ ಪಟ್ಟಿಯಿಂದ ಹೊರಗಿಡಲಿ, ರದ್ದು ಮಾಡಿದರೆ ಕಾರಣ ಬರೆಯುವಂತಾಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಹೊಸ ಬಸ್ಸು ಕೊಳ್ಳುವ ಮಾತು ಆಗಾಗ ಬರುತ್ತದೆ. ಬಸ್ಸು ಕೊಳ್ಳುವುದು ಒಂದು ದಿನದ ಹಾರ-ತುರಾಯಿಯ ಕೆಲಸ, ಅದನ್ನು ಹನ್ನೆರಡು ವರ್ಷ ರಾತ್ರಿ ಎಂಟರ ಟ್ರಿಪ್ಪಿಗೆ ಹಳ್ಳಿಗೆ ಕಳಿಸುವುದು ಬೇರೆ ಕೆಲಸ. ಅದಕ್ಕೆ ಬಜೆಟ್ಟಿನಲ್ಲಿ ಶೀರ್ಷಿಕೆಯೇ ಇಲ್ಲ. ಇದರಲ್ಲೂ ಕಳ್ಳದಾರಿ ಇಲ್ಲದಿಲ್ಲ. ಕಿಲೋಮೀಟರಿಗೆ ಹಣ ಎಂದರೆ ಊರ ಹೊರಗಿನ ಕ್ರಾಸಿನಿಂದಲೇ ಬಸ್ಸು ತಿರುಗಿಸಿ ಪೂರ್ತಿ ಓಡಿತೆಂದು ಬರೆದುಕೊಳ್ಳುವ ಆಸೆ ಹುಟ್ಟುತ್ತದೆ. ಆದರೆ ಟಿಕೆಟ್ ಮಷೀನು ಯಾವ ನಿಲ್ದಾಣದಲ್ಲಿ ಟಿಕೆಟ್ ಹರಿಯಿತು ಎಂದು ಈಗಾಗಲೇ ದಾಖಲಿಸುತ್ತದೆ. ಜಿಪಿಎಸ್ ಇದೆ. ಎಲ್ಲಕ್ಕಿಂತ ಮೊದಲು ಗ್ರಾಮ ಪಂಚಾಯ್ತಿಯ ಎದುರಿನ ಕಟ್ಟೆಯ ಮೇಲೆ ಕೂತ ಮಂದಿ ಇದ್ದಾರೆ. ಬಸ್ಸು ಬಂದದ್ದು ಎಷ್ಟು ಗಂಟೆಗೆ, ಬಾರದೆ ಹೋದದ್ದು ಎಷ್ಟು ದಿನ, ಎಲ್ಲ ಅವರ ಬಾಯಲ್ಲಿದೆ. ಪಂಚಾಯ್ತಿಯ ಒಂದು ವಹಿಯಲ್ಲಿ ವಸ್ತಿ ಬಸ್ಸಿನ ಕಂಡಕ್ಟರು ರಾತ್ರಿ ಸಹಿ ಹಾಕಿ ಮಲಗಿದರೆ ಲೆಕ್ಕ ಸಿಕ್ಕಿತು.